ಬಿತ್ತಿನ ಮುಡಿ

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವ ಮೂಲೆಯೊಂದರಲ್ಲಿ, ಬಿತ್ತಿನ ಮುಡಿಗಳೆರಡು ಇರುತ್ತಿದ್ದುವು. ಊಟದ ಅಕ್ಕಿಗೆ ಎಷ್ಟೇ ಕೊರತೆ ಬಂದರೂ ಆ ಮುಡಿಗಳ ಹಗ್ಗವನ್ನು ಬಿಚ್ಚಕೂಡದೆಂಬುದು ಅಜ್ಜನ ಕಟ್ಟಪ್ಪಣೆ. ಒಂದು ವರ್ಷ ಮಾಡು ಸೋರಿ, ಮುಡಿಗಳು ಒಳಗಿಂದೊಳಗೇ ತೇವಗೊಂಡು, ನೀರಿಗೆ ಹಾಕಿದ ಬಿತ್ತು ಮೊಳೆಯದೆ ಹೋಯಿತು. ಅಜ್ಜ ಯಾರನ್ನೂ ಬಯ್ಯಲಿಲ್ಲ. ಹೆಗಲಿಗೆ ಬೈರಾಸು ಹಾಕಿಕೊಂಡು ಹೊಳೆಯಾಚೆಯ ಮನೆಗೆ ಹೋಗಿ, ಸಂಜೆಯೊಳಗಾಗಿ ಒಂದು ಮುಡಿ ಬಿತ್ತನ್ನು ಹೊರಿಸಿಕೊಂಡು ಬಂದರು. "ಬೇರೆಯವರ ಬಿತ್ತು ನಮ್ಮ ಗದ್ದೆಗೆ ಆದೀತೇ ಅಜ್ಜ?" ಎಂದು ಕೇಳಿದೆನು. "ಬೇರೆಯವರದಲ್ಲ ಮಗು, ಇದು ನಮ್ಮದೇ. ಮೂರು ವರ್ಷದ ಹಿಂದೆ ಅವರಿಗೆ ನಾನು ಕೊಟ್ಟ ಬಿತ್ತು" ಎಂದು ಅವರು ಹೇಳಿದರು. ಆ ಮಾತು ನನ್ನ ನೆನಪಿನಲ್ಲಿ ಉಳಿಯಿತಲ್ಲದೆ ಬುದ್ಧಿಗೆ ಇಳಿದಿರಲಿಲ್ಲ. ಅದು ಬುದ್ಧಿಗೆ ಇಳಿದುದು, ವಾಚಕರು ನಗಬಾರದು, ನನ್ನ ಲ್ಯಾಪ್‌ಟಾಪು ಕೆಟ್ಟುಹೋದಾಗ.

ಸವಣೂರಿಗೂ ಕಾಣಿಯೂರಿಗೂ ನಡುವೆ ನಮ್ಮ ಮನೆ. ಪುತ್ತೂರಿನಲ್ಲಿ ಬಹುಕಾಲ ಕನ್ನಡ ಕಲಿಸಿ ನಿವೃತ್ತನಾದ ಮೇಲೆ, 2016ನೆಯ ಇಸವಿಯಲ್ಲಿ, ಮಕ್ಕಳ ಒತ್ತಾಯಕ್ಕೆ ಆ ಯಂತ್ರವನ್ನು ಕೊಂಡುಕೊಂಡೆನು. ಮೊದಮೊದಲು ಅದು ಮೇಜಿನ ಮೇಲೆ ಅಲಂಕಾರಕ್ಕೆ ಇದ್ದ ಹಾಗಿತ್ತು. ಬಳಿಕ ಅದಕ್ಕೊಂದು ಉದ್ಯೋಗ ದೊರೆಯಿತು. ನಮ್ಮ ನೆರೆಯಲ್ಲಿ ಪಾಡ್ದನ ಹೇಳುವ ಒಬ್ಬ ವೃದ್ಧೆ ಇದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆನು. ನೇಜಿ ನೆಡುವ ಗದ್ದೆಯಲ್ಲಿ ಅವರು ಮುಂದಾಗಿ ಹೇಳಿದರೆ ಇಪ್ಪತ್ತು ಮಂದಿ ಹೆಂಗಸರು ಹಿಂದಿನಿಂದ ದನಿಗೂಡಿಸುತ್ತಿದ್ದ ಕಾಲವನ್ನು ನಾನು ಕಂಡವನು. ಆ ಗದ್ದೆಗಳೆಲ್ಲ ಇಂದು ಅಡಿಕೆತೋಟಗಳಾಗಿವೆ. ನೇಜಿಯಿಲ್ಲದ ಊರಿನಲ್ಲಿ ನೇಜಿಯ ಹಾಡಿಗೆ ಸ್ಥಳವೆಲ್ಲಿ? 2017ರಿಂದ 2019ರವರೆಗೆ ಬಿಡುವಾದಾಗಲೆಲ್ಲ ಅವರನ್ನು ನಮ್ಮ ಚಾವಡಿಗೆ ಕರೆದು ಹೇಳಿಸಿದೆನು. ಸುಮ್ಮನೆ ಕುಳಿತರೆ ಅವರಿಗೆ ಪದ ಬರುತ್ತಿರಲಿಲ್ಲ. "ಕೈ ನಿಂತರೆ ಬಾಯಿ ನಿಲ್ಲುತ್ತದೆ, ಮಾಸ್ಟ್ರೇ" ಎಂದು ತುಳುವಿನಲ್ಲಿ ಹೇಳಿ, ಒಂದು ರಾಶಿ ಅಡಿಕೆಯನ್ನು ಮುಂದಿಟ್ಟುಕೊಂಡು ಸುಲಿಯುತ್ತ ಹೇಳುತ್ತಿದ್ದರು. ಆದುದರಿಂದ ಆ ಧ್ವನಿಮುದ್ರಣಗಳಲ್ಲೆಲ್ಲ ಪದದ ನಡುವೆ ಬುಟ್ಟಿಗೆ ಅಡಿಕೆ ಬೀಳುವ ಟಪ್ಪೆಂಬ ಸದ್ದು ತಾಳದಂತೆ ಸೇರಿಕೊಂಡಿದೆ. ಹೀಗೆ ಹನ್ನೊಂದು ಪಾಡ್ದನಗಳು ಕೂಡಿದುವು. ಪಡುಮಲೆಯಲ್ಲಿ ಮೊದಲಾಗಿ ಎಣ್ಮೂರಿನಲ್ಲಿ ಮುಗಿಯುವ ಕೋಟಿ ಚೆನ್ನಯರ ಕತೆಯನ್ನು ಅವರು ಮೂರು ದಿನ ಹೇಳಿದರು. 2021ರಲ್ಲಿ ಅವರು ತೀರಿಕೊಂಡರು. ಹನ್ನೊಂದು ಪಾಡ್ದನಗಳೂ, ಅವುಗಳ ಬಗ್ಗೆ ನಾನು ಬರೆದಿಟ್ಟ ಟಿಪ್ಪಣಿಗಳೂ ಆ ಒಂದೇ ಯಂತ್ರದಲ್ಲಿದ್ದುವು. ಪ್ರತಿ ಮಾಡಿಡಬೇಕೆಂದು ತೋರದೆ ಇರಲಿಲ್ಲ. ನಾಳೆ ಮಾಡಿದರಾಯಿತೆಂದು ಬಿಟ್ಟಿದ್ದೆನು, ಅಷ್ಟೆ.

2024ನೆಯ ಇಸವಿಯ ಆಟಿ ತಿಂಗಳ ಒಂದು ರಾತ್ರಿ ಯಂತ್ರವು ತನ್ನ ತಂತ್ರಾಂಶವನ್ನು ತಾನೇ ಹೊಸದು ಮಾಡಿಕೊಳ್ಳುತ್ತಲಿತ್ತು. ಹೊರಗೆ ಮಳೆ ಹುಯ್ಯುತ್ತಿತ್ತು. ನಮ್ಮ ಸೀಮೆಯಲ್ಲಿ ಆಟಿಯ ಮಳೆಗೂ ವಿದ್ಯುತ್ತಿಗೂ ಇರುವ ವೈರವನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ದೀಪ ಹೋಯಿತು. ಬ್ಯಾಟರಿ ಹಳತಾಗಿ ಪ್ರಾಣವಿಲ್ಲದ್ದಾಗಿದ್ದುದರಿಂದ ಯಂತ್ರವೂ ಅರ್ಧ ಕೆಲಸದಲ್ಲಿಯೇ ಆರಿತು. ಬೆಳಿಗ್ಗೆ ಗುಂಡಿ ಒತ್ತಿದರೆ, ದುರಸ್ತಿ ಮಾಡುತ್ತಿದ್ದೇನೆಂದು ಹೇಳುವುದು, ಆಗಲಿಲ್ಲವೆನ್ನುವುದು, ಮತ್ತೆ ಮೊದಲಿನಿಂದ ದುರಸ್ತಿಗೆ ತೊಡಗುವುದು. ಮಧ್ಯಾಹ್ನದವರೆಗೂ ಇದೇ ಆಟ ನಡೆಯಿತು.

ಇಂತಹ ಆಪತ್ತಿಗೆಂದೇ ಮಾಡಿದವರು ಒಂದು ಉಪಾಯವನ್ನು ಇಟ್ಟಿರುತ್ತಾರೆ. ಯಂತ್ರದ ನೆನಪೆಲ್ಲವೂ ಒಳಗಿನ ಒಂದು ಡಿಸ್ಕಿನ ಮೇಲೆ ಇರುವುದು. ಒಂದು ಮನೆಯನ್ನು ಗೋಡೆಯೆಬ್ಬಿಸಿ ಕೋಣೆಗಳಾಗಿ ಪಾಲು ಮಾಡುವಂತೆ ಆ ಡಿಸ್ಕನ್ನೂ ಪಾಲು ಮಾಡಿರುತ್ತಾರೆ. ದೊಡ್ಡ ಪಾಲು ನಮ್ಮ ಬಳಕೆಗೆ. ನಮ್ಮ ಕಣ್ಣಿಗೆ ಬೀಳದ ಹತ್ತಿಪ್ಪತ್ತು ಜಿಬಿಯ ಇನ್ನೊಂದು ಪಾಲಿನಲ್ಲಿ, ಯಂತ್ರವು ಕಾರ್ಖಾನೆಯಿಂದ ಹೊರಟ ದಿನ ಅದರ ತಂತ್ರಾಂಶ ಹೇಗಿತ್ತೋ ಹಾಗೆಯೇ ಒಂದು ಪಡಿಯಚ್ಚನ್ನು ಇಟ್ಟು ಬಾಗಿಲು ಮುಚ್ಚಿರುತ್ತಾರೆ. ಇದಕ್ಕೆ ರಿಕವರಿ ಪಾರ್ಟಿಶನ್ ಎಂದು ಹೆಸರು. ಹಿಂದೆಲ್ಲ ಈ ಪಡಿಯಚ್ಚನ್ನು ಸಿ.ಡಿ.ಗಳಲ್ಲಿ ತುಂಬಿ ಪೆಟ್ಟಿಗೆಯೊಡನೆ ಕೊಡುತ್ತಿದ್ದರಂತೆ. ಖರ್ಚು ಉಳಿಯಲೆಂದು ಬರಬರುತ್ತ ಅದನ್ನು ಡಿಸ್ಕಿನೊಳಗೇ ಸೇರಿಸಿದರು. ಯಂತ್ರ ಏಳುವಾಗ ಗೊತ್ತಾದ ಕೀಲಿಯೊಂದನ್ನು ಒತ್ತಿದರೆ ಆ ಬಾಗಿಲು ತೆರೆದು, ಎಲ್ಲವೂ ಮೊದಲಿನಂತಾಗಬೇಕು.

ನಾನು ಆ ಕೀಲಿಯನ್ನು ಒತ್ತಿದೆನು. ಒಂದು ನೀಲಿಯ ಪರದೆ ಬಂದಿತು. ಅದರಲ್ಲಿ ಬರೆದುದನ್ನು ಓದುವ ತಾಳ್ಮೆ ನನಗಿರಲಿಲ್ಲ. ಹೌದು, ಹೌದು ಎಂದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟೆನು. ಯಂತ್ರವು ಬಹಳ ಹೊತ್ತು ಗುರುಗುಟ್ಟಿ, ಕೊನೆಗೆ, ಮೊದಲಿನಂತೆ ಮಾಡುವುದಕ್ಕೆ ಬೇಕಾದ ಕಡತಗಳು ಸಿಕ್ಕುವುದಿಲ್ಲ, ಯಾವ ಬದಲಾವಣೆಯೂ ಆಗಿಲ್ಲ ಎಂದು ಹೇಳಿ ಸುಮ್ಮನಾಯಿತು. ಮೂರು ಸಲ ಪ್ರಯತ್ನಿಸಿದೆನು. ಮೂರು ಸಲವೂ ಅದೇ ಉತ್ತರ.

ಮರುದಿನ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದೆನು. ಅಂಗಡಿಯ ಯುವಕನು ಅದನ್ನು ಎರಡು ನಿಮಿಷ ನೋಡಿ, "ಫಾರ್ಮ್ಯಾಟ್ ಹೊಡೆದು ಕೊಡುವ, ಮಾಸ್ಟ್ರೇ. ಸಂಜೆಗೆ ಸಿಗ್ತದೆ" ಎಂದನು. "ಒಳಗಿರುವುದು?" ಎಂದು ಕೇಳಿದೆನು. "ಅದೆಲ್ಲ ಹೋಗ್ತದೆ ಮಾರಾಯ್ರೇ. ನಿಮ್ಮಲ್ಲಿ ಕಾಪಿ ಉಂಟಲ್ಲ?" ಎಂದನು. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರವನ್ನು ಮತ್ತೆ ಸುತ್ತಿಕೊಂಡು ಬಸ್ಸು ಹತ್ತಿದೆನು. ಸವಣೂರು ಬರುವವರೆಗೂ ಅದನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬನು ಇಂಜಿನಿಯರಿಂಗ್ ಓದಿ, ಕೆಲವು ಕಾಲ ಬೆಂಗಳೂರಿನಲ್ಲಿದ್ದು, ಈಗ ಸುಳ್ಯದ ತನ್ನ ಮನೆಯಲ್ಲಿಯೇ ಕುಳಿತು ದುಡಿಯುತ್ತಾನೆ. ಅವನನ್ನು ನೆನೆದು, ಬೆಳ್ಳಾರೆಯ ಹಾದಿಯಾಗಿ ಸುಳ್ಯಕ್ಕೆ ಹೋದೆನು. ಅವನು ನನ್ನ ಕತೆಯನ್ನೆಲ್ಲ ಕೇಳಿ, ಆ ನೀಲಿಯ ಪರದೆಯ ಮಾತು ಬಂದಾಗ ಮಾತ್ರ ತಲೆಯೆತ್ತಿ ನೋಡಿದನು.

"ಮಾಸ್ಟ್ರೇ, ಅದರಲ್ಲಿ ಏನು ಬರೆದಿತ್ತು, ಓದಿದಿರಾ?"

"ಇಲ್ಲ."

"ಯಂತ್ರ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡ್ತೇನೆ, ಆಮೇಲೆ ಸೇರಿಸಿದ್ದನ್ನೆಲ್ಲ ಅಳಿಸ್ತೇನೆ ಅಂತ ಬರೆದಿರ್ತದೆ. ಅದು ಕೆಲಸ ಮಾಡಿದ್ದಿದ್ದರೆ ನಿಮ್ಮ ಅಕ್ಕನ ಪದ ಒಂದೂ ಉಳಿಯುತ್ತಿರಲಿಲ್ಲ."

ನಾನು ಕುಳಿತಲ್ಲಿಯೇ ಬೆವತುಹೋದೆನು. ಮೂರು ಸಲ ನನ್ನ ಕೈಯಾರೆ ಆ ಹಾಡುಗಳನ್ನು ಅಳಿಸಹೊರಟಿದ್ದೆನು. ಯಾವ ಉಪಾಯವು ಕೈಕೊಟ್ಟಿತೆಂದು ನಾನು ಮೂರು ದಿನ ಮರುಗಿದ್ದೆನೋ ಅದು ಕೈಕೊಟ್ಟುದರಿಂದಲೇ ಅವು ಉಳಿದಿದ್ದುವು.

ಅದು ಏಕೆ ಕೈಕೊಟ್ಟಿತೆಂಬುದನ್ನು ಅವನು ಯಂತ್ರದ ಹೊಟ್ಟೆಯನ್ನು ಬಿಚ್ಚಿ ತೋರಿಸಿದನು. ಅಂಗೈಯಗಲದ ಒಂದು ಪೆಟ್ಟಿಗೆ. ಅದರೊಳಗೆ ತಿರುಗುವ ಬಿಲ್ಲೆಗಳು. ಗುಪ್ತವಾದ ಕೋಣೆಯೆಂದು ನಾವು ಹೇಳುವುದೂ, ನಾವು ದಿನವೂ ಬಳಸುವ ಕೋಣೆಯೂ ಅದೇ ಬಿಲ್ಲೆಗಳ ಮೇಲೆ ಎಳೆದ ಗೆರೆಗಳಷ್ಟೆ. ಬಿಲ್ಲೆಯ ಮೈ ಅಲ್ಲಲ್ಲಿ ಸವೆದು ಓದಲಾರದಂತಾದರೆ ಗೆರೆಯ ಈಚೆಯ ಬರಹಕ್ಕೂ ಆಚೆಯ ಬರಹಕ್ಕೂ ಒಂದೇ ಗತಿ. ಅಟ್ಟ ಸೋರಿದರೆ ಊಟದ ಮುಡಿ, ಬಿತ್ತಿನ ಮುಡಿ ಎಂಬ ಭೇದವನ್ನು ಮಳೆ ನೋಡುವುದೇ? ನನಗೆ ಅಜ್ಜನ ನೆನಪಾದುದು ಆಗ.

"ಮೊದಲು ಒಳಗಿದ್ದವರನ್ನು ಹೊರಗೆ ತರುವ, ಮನೆಯ ರಿಪೇರಿ ಆಮೇಲೆ" ಎಂದು ಅವನು ಹೇಳಿ ಕೆಲಸಕ್ಕೆ ತೊಡಗಿದನು. ಈ ಕ್ರಮವು ಮುಖ್ಯವಾದುದರಿಂದ ವಾಚಕರಿಗೆ ಸ್ವಲ್ಪ ವಿವರವಾಗಿ ತಿಳಿಸುತ್ತೇನೆ. ತನ್ನ ಬಳಿ ಇದ್ದ ಪೆನ್‌ಡ್ರೈವೊಂದರಲ್ಲಿ ಅವನು ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯನ್ನು ತುಂಬಿದ್ದನು. ಯಂತ್ರವು ತನ್ನ ಡಿಸ್ಕಿನಿಂದ ಏಳುವ ಬದಲು ಆ ಪೆನ್‌ಡ್ರೈವಿನಿಂದ ಏಳುವಂತೆ ಮೊದಲಿನ ಪರದೆಯಲ್ಲಿ ಏರ್ಪಾಡು ಮಾಡಿದನು. ಮೂರ್ಛೆ ಹೋದವನನ್ನು ಎಬ್ಬಿಸದೆ, ಬೇರೊಬ್ಬನು ಅವನ ಮನೆಯೊಳಗೆ ಹೊಕ್ಕು ಸಾಮಾನನ್ನು ಹೊರಗಿಟ್ಟ ಹಾಗೆ ಇದು. ಡಿಸ್ಕಿನ ಮೇಲೆ ಏನನ್ನೂ ಬರೆಯದೆ, ಓದಲಾಗುವುದನ್ನು ಮೊದಲು ಓದಿ ಬೇರೆ ಡಿಸ್ಕಿಗೆ ಇಳಿಸಿ, ಓದಲಾಗದ ಸ್ಥಳಗಳಿಗೆ ಮತ್ತೆ ಮತ್ತೆ ಬಂದು ಪ್ರಯತ್ನಿಸುವ ಒಂದು ತಂತ್ರಾಂಶವನ್ನು ಹಚ್ಚಿದನು. ಆ ಕೆಲಸ ರಾತ್ರಿಯೆಲ್ಲ ನಡೆಯಿತು. ನಾನು ಅವನ ಚಾವಡಿಯಲ್ಲಿ ಮಲಗಿದ್ದೆನು. ನಿದ್ರೆ ಬಂದಿತೆಂದು ಹೇಳಲಾರೆ. ಬೆಳಿಗ್ಗೆ ಕಾಫಿ ತಂದುಕೊಡುತ್ತ, "ಒಂಬತ್ತು ಸಿಕ್ಕಿದುವು, ಮಾಸ್ಟ್ರೇ" ಎಂದನು. ಉಳಿದೆರಡು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಮೇಲಿನ ಕೆಲಸ ಹಗುರವಾದುದು. ಹಳೆಯ ಡಿಸ್ಕನ್ನು ತೆಗೆದು, ತಿರುಗುವ ಬಿಲ್ಲೆಗಳಿಲ್ಲದ ಹೊಸ ಬಗೆಯ ಡಿಸ್ಕನ್ನು ಕೂಡಿಸಿದನು. ತನ್ನ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನವರ ತಾಣದಿಂದ ವಿಂಡೋಸನ್ನು ಉಚಿತವಾಗಿ ಇಳಿಸಿಕೊಂಡು, 8 ಜಿಬಿಯ ಇನ್ನೊಂದು ಪೆನ್‌ಡ್ರೈವಿಗೆ ತುಂಬಿ, ಅದರಿಂದ ಯಂತ್ರವನ್ನು ಎಬ್ಬಿಸಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಿದನು. ಪರವಾನಗಿಯ ಸಂಖ್ಯೆ ಎಲ್ಲಿದೆಯೋ ಎಂದು ನಾನು ಚಿಂತಿಸುತ್ತಿದ್ದೆನು. ವಿಂಡೋಸ್ 8ರ ಕಾಲದಿಂದೀಚೆಗೆ, ಆ ವ್ಯವಸ್ಥೆಯೊಡನೆಯೇ ಮಾರಾಟವಾದ ಯಂತ್ರಗಳಲ್ಲಿ ಆ ಸಂಖ್ಯೆಯು ಡಿಸ್ಕಿನಲ್ಲಿರದೆ ಯಂತ್ರದ ತಾಯಿಹಲಗೆಯಲ್ಲಿಯೇ ಅಚ್ಚಾಗಿರುವುದಂತೆ. ಅದು ತಾನಾಗಿಯೇ ಗುರುತು ಹಿಡಿದುಕೊಂಡಿತು. ಕಾರ್ಖಾನೆಯವರು ಒಳಗೆ ಬಚ್ಚಿಟ್ಟ ಪಡಿಯಚ್ಚಿನ ಹಂಗು ಕೊನೆಗೂ ಬೀಳಲಿಲ್ಲ. ಪರರ ಮನೆಯ ಬಿತ್ತಿನಿಂದಲೇ ಗದ್ದೆ ಹಸುರಾಯಿತು.

ಮನೆಗೆ ಬಂದು ನನ್ನ ಟಿಪ್ಪಣಿಗಳನ್ನು ತೆರೆದರೆ ಇನ್ನೊಂದು ವಿಸ್ಮಯ ಕಾದಿತ್ತು. ಕನ್ನಡವೇ ಇಲ್ಲ! ಪುಟದ ತುಂಬ ರೋಮನ್ ಅಕ್ಷರಗಳೂ ಚಿಹ್ನೆಗಳೂ ಜಾತ್ರೆಯ ಜನದಂತೆ ಒತ್ತಿಕೊಂಡು ನಿಂತಿದ್ದುವು. ಶಿಷ್ಯನಿಗೆ ಫೋನು ಮಾಡಿದೆನು. ನಾನು ಹಳೆಯ ಅಭ್ಯಾಸದಂತೆ ನುಡಿ ತಂತ್ರಾಂಶದ ಹಿಂದಿನ ಅಚ್ಚಿನಲ್ಲಿ ಬರೆದಿದ್ದೆನಷ್ಟೆ. ಆ ಏರ್ಪಾಡಿನಲ್ಲಿ ಒಳಗೆ ಇರುವುದು ರೋಮನ್ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ತೊಡಿಸುವುದು ಯಂತ್ರದಲ್ಲಿರುವ ಫಾಂಟು. ಯಂತ್ರವನ್ನು ಹೊಸದು ಮಾಡಿದಾಗ ಆ ಫಾಂಟು ಹೋಗಿತ್ತು. ಅದನ್ನು ಮತ್ತೆ ಹಾಕಿದೊಡನೆ ಅಕ್ಷರಗಳು ಮೊದಲಿನಂತೆ ಕಾಣಿಸಿಕೊಂಡುವು. ತಿಗಳಾರಿ ಲಿಪಿಯ ತಾಳೆಗರಿ ಮನೆಯಲ್ಲಿದ್ದೂ ಓದಬಲ್ಲ ಹಿರಿಯರು ತೀರಿಹೋದ ಮನೆಗಳನ್ನು ನಾನು ಕಂಡಿದ್ದೇನೆ. ಗರಿ ಉಳಿದ ಮಾತ್ರಕ್ಕೆ ಬರಹ ಉಳಿಯಿತೆಂದು ಹೇಳಲಾಗದು. ಆ ವಾರವೇ ಟಿಪ್ಪಣಿಗಳನ್ನೆಲ್ಲ, ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸಿದೆನು.

ಉಳಿದೆರಡು ಪಾಡ್ದನಗಳ ಚಿಂತೆ ಬಿಡಲಿಲ್ಲ. ಆಗ ನೆನಪಾದುದು, ಅಕ್ಕನ ಮೊಮ್ಮಗಳೊಬ್ಬಳನ್ನು ನೆಟ್ಟಣದ ಕಡೆಗೆ ಕೊಟ್ಟಿತ್ತು. ಅಜ್ಜಿಯ ದನಿ ಬೇಕೆಂದು ಆಕೆ ಕೇಳಿದುದಕ್ಕೆ 2019ರಲ್ಲಿ ನಾನು ಏನನ್ನೋ ಅವಳ ಮೊಬೈಲಿಗೆ ಕಳುಹಿದ್ದೆನು. ಏನೆಂಬುದು ಮರೆತಿತ್ತು. ಕಾಣಿಯೂರಿನಲ್ಲಿ ರೈಲು ಹತ್ತಿ, ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದೆನು.

ಆ ನಿಲ್ದಾಣಕ್ಕೆ ಸಮೀಪದಲ್ಲಿ, ಕಡಬ ತಾಲೂಕಿನ ಕಿದು ಎಂಬಲ್ಲಿ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯದವರ ದೊಡ್ಡ ತೆಂಗಿನ ತೋಟವಿದೆ. ದಕ್ಷಿಣ ಏಶ್ಯದ ಅಂತರರಾಷ್ಟ್ರೀಯ ತೆಂಗಿನ ತಳಿಭಂಡಾರವು 1998ರಲ್ಲಿ ಅಲ್ಲಿ ಏರ್ಪಟ್ಟಿತು. ತೆಂಗಿನ ಬೀಜವನ್ನು ಭತ್ತದಂತೆ ಒಣಗಿಸಿ ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ಕಾಯುವಂತಿಲ್ಲ. ಒಣಗಿಸಿದರೆ ಅದು ಸಾಯುತ್ತದೆ. ಆದುದರಿಂದ ಒಂದು ತಳಿಯನ್ನು ಉಳಿಸಬೇಕಾದರೆ ಮರವಾಗಿಯೇ ಬೆಳೆಸಿ ಉಳಿಸಬೇಕು. ಇಂತಹ ತೋಟಗಳು ಇಂಡೋನೇಶಿಯ, ಪಪುವ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್ ದೇಶಗಳಲ್ಲಿಯೂ ಇವೆ. ಪಪುವ ನ್ಯೂಗಿನಿಯ ತೋಟಕ್ಕೂ ಐವರಿ ಕೋಸ್ಟಿನ ತೋಟಕ್ಕೂ ಮರವನ್ನು ಕೊಲ್ಲುವ ರೋಗಗಳ ಭಯ ಒದಗಿದಾಗ, ಎಲ್ಲ ತಳಿಗಳನ್ನೂ ಒಂದೇ ಕಡೆ ಇಟ್ಟಿದ್ದರೆ ಏನಾಗುತ್ತಿತ್ತೆಂಬುದು ಲೋಕಕ್ಕೆ ಅರಿವಾಯಿತು. ನಮ್ಮ ಹಳ್ಳಿಯ ಅಂಚಿನಲ್ಲಿ ಇಷ್ಟು ದೊಡ್ಡ ಬಿತ್ತಿನ ಮುಡಿ ಇರುವಾಗ, ನಾನು ಹನ್ನೊಂದು ಹಾಡುಗಳನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟು ಮಲಗಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಮೊಮ್ಮಗಳು ರಬ್ಬರು ತೋಟದ ಕೆಲಸದಿಂದ ಆಗತಾನೆ ಬಂದಿದ್ದಳು. ನಾನು ಕಳುಹಿದ್ದ ಪಾಡ್ದನ ಅವಳ ಮೊಬೈಲಿನಲ್ಲಿ ಇತ್ತು. ಯಂತ್ರವನ್ನು ಎರಡು ಸಲ ಬದಲಾಯಿಸಿದರೂ ಅದನ್ನು ಮಾತ್ರ ಬಿಡದೆ ದಾಟಿಸಿಕೊಂಡು ಬಂದಿದ್ದಳು. "ಇದನ್ನು ಹಾಕದಿದ್ದರೆ ಮಗ ಮಲಗುವುದಿಲ್ಲ, ಮಾಸ್ಟ್ರೇ" ಎಂದಳು. ದನಿ ಸ್ವಲ್ಪ ತೆಳ್ಳಗಾಗಿದ್ದರೂ ಅಡಿಕೆ ಬೀಳುವ ಸದ್ದು ಹಾಗೆಯೇ ಇತ್ತು. ನನ್ನಲ್ಲಿ ಹೋದ ಎರಡರಲ್ಲಿ ಅದು ಒಂದು.

ಇನ್ನೊಂದು, ಕೋಟಿ ಚೆನ್ನಯರ ಕತೆಯ ಮೂರನೆಯ ದಿನದ್ದು, ಎಣ್ಮೂರಿನ ಭಾಗ, ಅಲ್ಲಿಯೂ ಇರಲಿಲ್ಲ. ನನ್ನ ಮುಖವನ್ನು ನೋಡಿ ಅವಳು, ಅಜ್ಜಿ ತನಗೆ ಹೇಳಿಕೊಟ್ಟಿದ್ದ ಹತ್ತಿಪ್ಪತ್ತು ಸಾಲುಗಳನ್ನು ನಾಚಿಕೊಳ್ಳುತ್ತ ಹೇಳಿದಳು. ಒಂದೆಡೆ ನಾನು ತಡೆದು, "ಅಕ್ಕ ಹೀಗೆ ಹೇಳುತ್ತಿರಲಿಲ್ಲವಲ್ಲ" ಎಂದೆನು. "ನಿಮಗೆ ಹೇಗೆ ಹೇಳಿದರೋ ಗೊತ್ತಿಲ್ಲ. ನನಗೆ ಹೇಳಿದ್ದು ಹೀಗೆಯೇ" ಎಂದಳು. ನಾನು ಸುಮ್ಮನಾದೆನು. ಅವಳ ದನಿಯನ್ನೂ ಮುದ್ರಿಸಿಕೊಂಡು, ಅವಳ ಹೆಸರಿನಲ್ಲಿಯೇ ಬೇರೆ ಇಟ್ಟೆನು. ಹನ್ನೊಂದನೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಕತೆ ಹೋಯಿತೆಂದು ನಾನು ಹೇಳುವುದಿಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ ಎಂಬವರು 1886ನೆಯ ಇಸವಿಯಲ್ಲಿಯೇ ಮಂಗಳೂರಿನಲ್ಲಿ ಪಾಡ್ದನಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಕೋಟಿ ಚೆನ್ನಯರ ಕತೆಯನ್ನು ಪಂಜೆ ಮಂಗೇಶರಾಯರು ಕನ್ನಡದಲ್ಲಿ ಬರೆದರು. ಅಚ್ಚಾಗಿ ಹತ್ತಾರು ಮನೆಗಳನ್ನು ಸೇರಿದುದರಿಂದ ಅವು ಉಳಿದುವು. ಒಂದು ಮನೆಯಲ್ಲಿ ಗೆದ್ದಲು ಹಿಡಿದರೆ ಇನ್ನೊಂದು ಮನೆಯಲ್ಲಿ ಇರುವುದು. ಹೋದುದು ಅಕ್ಕ ಹೇಳಿದ ಕತೆ. ಎಣ್ಮೂರಿನ ಯುದ್ಧವನ್ನು ಹೇಳುವಾಗ ಅವರ ಕೈ ಅಡಿಕೆಯ ಮೇಲೆ ತಡೆದು ನಿಂತುದು, ದನಿ ಕೆಳಗಿಳಿದುದು, ಇವು ಯಾವ ಪುಸ್ತಕದಲ್ಲಿಯೂ ಇಲ್ಲ. ನನ್ನ ಯಂತ್ರದಲ್ಲಿ ಇದ್ದುವು. ನಾನು ಕಾಯಲಿಲ್ಲ.

ಈಗ ಹತ್ತು ಪಾಡ್ದನಗಳೂ ಮೂರು ಕಡೆ ಇವೆ. ಒಂದು ನನ್ನಲ್ಲಿ, ಒಂದು ಸುಳ್ಯದ ಶಿಷ್ಯನಲ್ಲಿ, ಒಂದು ನೆಟ್ಟಣದ ಮೊಮ್ಮಗಳಲ್ಲಿ. ವಿಂಡೋಸನ್ನು ಸ್ಥಾಪಿಸುವ ಪೆನ್‌ಡ್ರೈವನ್ನೂ ಹೆಸರು ಬರೆದು ಮೇಜಿನ ಸೆಳೆಖಾನೆಯಲ್ಲಿ ಇಟ್ಟಿದ್ದೇನೆ. ಇಟ್ಟರೆ ಸಾಲದು, ಬಿತ್ತು ಮೊಳೆಯುತ್ತದೆಯೇ ಎಂದು ನೋಡುತ್ತಿರಬೇಕೆಂದು ಶಿಷ್ಯನು ಹೇಳಿರುವುದರಿಂದ, ವರ್ಷಕ್ಕೊಮ್ಮೆ ಪತ್ತನಾಜೆಯಂದು, ಮಳೆಗಾಲಕ್ಕೆ ಮುಂಚೆ, ಪ್ರತಿಗಳನ್ನೆಲ್ಲ ತೆರೆದು ಕೇಳುತ್ತೇನೆ. 2025ರ ಪತ್ತನಾಜೆಯಂದು ಹಾಗೆ ಕೇಳುತ್ತಿದ್ದಾಗ ಒಳಗಿನಿಂದ ನನ್ನ ಮನೆಯವಳು, "ಅಡಿಕೆ ಸುಲಿಯುವುದಕ್ಕೆ ಯಾರು ಬಂದಿದ್ದಾರೆ?" ಎಂದು ಕೇಳಿದಳು.

ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೂ ಇಂತಹ ಯಂತ್ರವಿರಬಹುದು. ಅದರಲ್ಲಿ ತಾಯಿಯ ದನಿಯೋ, ತಂದೆಯ ಲೆಕ್ಕದ ಪುಸ್ತಕದ ಚಿತ್ರವೋ, ಮಗುವಿನ ಮೊದಲ ನಗುವೋ ಇರಬಹುದು. ಯಂತ್ರ ಕೆಟ್ಟರೆ ಅದರೊಳಗೇ ಅದಕ್ಕೆ ಮದ್ದು ಇದೆಯೆಂದು ನಂಬಿ ಕುಳಿತುಕೊಳ್ಳಬೇಡಿರಿ. ನೀಲಿಯ ಪರದೆ ಬಂದರೆ, ಹೌದು ಎನ್ನುವ ಮೊದಲು ಓದಿರಿ. ಈ ಸಂಚಿಕೆಯನ್ನು ಮಡಿಸಿಟ್ಟು ಏಳುವಾಗ, ಬಿತ್ತಿನ ಒಂದು ಮುಡಿಯನ್ನು ಹೊಳೆಯಾಚೆಯ ಮನೆಗೆ ಇಂದೇ ಕೊಟ್ಟುಬನ್ನಿರಿ.